ಹಗಲಿನಲ್ಲಿ 7 ಮೆಗಾಹರ್ಟ್ಸ್ ಏಕೆ ಸೊರಗುತ್ತದೆ, ಒಮ್ಮೊಮ್ಮೆ ಏಕೆ ಪೂರ್ತಿ ಮೂಕವಾಗುತ್ತದೆ?

ಓದುಗರ ಪ್ರಶ್ನೆ: ಪರವಾನಗಿ ಪಡೆದು ಎರಡು ವರ್ಷವಾಗಿರುವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರ, ನಾನು. ಸುಮಾರು 600 ಕಿಲೋಮೀಟರ್ ದೂರದಲ್ಲಿರುವ ಗೆಳೆಯರ ಜೊತೆ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ದಿನವೂ ಮಾತನಾಡುತ್ತೇನೆ. ಬೆಳಿಗ್ಗೆ ಎಂಟರ ಹೊತ್ತಿಗೆ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸುವ ಅವರ ದನಿ ಹನ್ನೊಂದರ ನಂತರ ಕುಗ್ಗುತ್ತಾ ಹೋಗಿ, ಒಂದು ಗಂಟೆಯ ಹೊತ್ತಿಗೆ ಗೊರಗೊರ ಸದ್ದಿನಲ್ಲಿ ಮುಳುಗುತ್ತದೆ. ಸಂಜೆ ಐದರ ಮೇಲೆ ಮತ್ತೆ ಏರುತ್ತದೆ. ಇದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ಆದರೆ ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ ಹತ್ತೂವರೆಗೆ, ಮಾತಿನ ನಡುವೆಯೇ, ಮೂರು ನಾಲ್ಕು ನಿಮಿಷದೊಳಗೆ ಇಡೀ ಬ್ಯಾಂಡ್ ಖಾಲಿಯಾಯಿತು. ದನಿಗಳು ಹೋದದ್ದಷ್ಟೇ ಅಲ್ಲ, ಎಂದಿನ ಗೊರಗೊರವೂ ತಗ್ಗಿತು. 14 ಮೆಗಾಹರ್ಟ್ಸೂ ಸತ್ತಿತ್ತು. 21ರಲ್ಲಿ ಮಾತ್ರ ಒಂದು ಸ್ಟೇಷನ್ ಕ್ಷೀಣವಾಗಿ ಕೇಳುತ್ತಿತ್ತು. ರೇಡಿಯೋ ಕೆಟ್ಟಿತೆಂದು ಮುಚ್ಚಳ ಬಿಚ್ಚಿದೆ, ಆಂಟೆನಾ ಕೇಬಲ್ ಬದಲಿಸಿದೆ. ಮುಕ್ಕಾಲು ಗಂಟೆಯ ಮೇಲೆ ಮೊದಲು 14, ಆಮೇಲೆ 7 ತಾವಾಗಿಯೇ ಮರಳಿದವು. ಮೋಡ ಮತ್ತು ಬಿಸಿಲಿನ ಝಳವೇ ಕಾರಣ ಎಂದು ಒಬ್ಬರು ಹೇಳುತ್ತಾರೆ. ಬರುವ ಸಂಕೇತವನ್ನು ಹಿಗ್ಗಿಸುವ ಪ್ರಿಆಂಪ್ಲಿಫೈಯರ್ ಹಾಕಿ, ಕಳಿಸುವ ಬಲವನ್ನು ಹೆಚ್ಚಿಸುವ ಸಾವಿರ ವಾಟಿನ ಆಂಪ್ಲಿಫೈಯರ್ ಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ಸೌರ ಬಿರುಗಾಳಿಗೆ ರೇಡಿಯೋ ಸುಟ್ಟುಹೋಗುತ್ತದೆ, ಆಂಟೆನಾ ಕಳಚಿಡಿ ಎಂದು ಮತ್ತೊಬ್ಬರು ಹೆದರಿಸುತ್ತಾರೆ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಗೆಳೆಯನೊಬ್ಬ, ಚಳಿಗಾಲದ ಕೆಲವು ಮಧ್ಯಾಹ್ನಗಳಲ್ಲಿ ತನ್ನ 3.5 ಮೆಗಾಹರ್ಟ್ಸ್ ವಿನಾಕಾರಣ ಹದಗೆಡುತ್ತದೆ ಎನ್ನುತ್ತಾನೆ. ಸೂರ್ಯನೇ ಕಾರಣವಾದರೆ ಚಳಿಗಾಲದಲ್ಲಿ ಹೀಗಾಗುವುದು ಹೇಗೆ? ನಾನು ಏನು ಮಾಡಬೇಕು? ಇನ್ನೊಮ್ಮೆ ಹೀಗಾಗುವ ಮೊದಲು ಮುನ್ಸೂಚನೆ ಸಿಗುತ್ತದೆಯೆ?

ತಜ್ಞರ ಉತ್ತರ: ರೇಡಿಯೋದ ಮುಚ್ಚಳವನ್ನು ಮತ್ತೆ ಕೂರಿಸಿ ತಿರುಪು ಬಿಗಿದುಬಿಡಿ, ನಿಮ್ಮ ಯಂತ್ರಕ್ಕೆ ಏನೂ ಆಗಿಲ್ಲ. ಇದನ್ನು ನಾನು ಇಷ್ಟು ಧೈರ್ಯವಾಗಿ ಹೇಳಲು ಬೇಕಾದ ಸಾಕ್ಷಿಯನ್ನು ನೀವೇ ಬರೆದಿದ್ದೀರಿ. ಗದ್ದಲವೂ ತಗ್ಗಿತು ಎಂಬುದೊಂದೇ ಸಂಗತಿಯಾಗಿದ್ದರೆ ನಾನೂ ಕೇಬಲ್ಲನ್ನೇ ಶಂಕಿಸುತ್ತಿದ್ದೆ, ಏಕೆಂದರೆ ಆಂಟೆನಾದ ತಂತಿ ತುಂಡಾದಾಗಲೂ ದನಿ ಮತ್ತು ಗದ್ದಲ ಒಟ್ಟಿಗೇ ಬೀಳುತ್ತವೆ. ಆದರೆ ತುಂಡಾದ ತಂತಿ 21 ಮೆಗಾಹರ್ಟ್ಸನ್ನು ಉಳಿಸಿ 7ನ್ನೂ 14ನ್ನೂ ಮಾತ್ರ ಕೊಲ್ಲುವುದಿಲ್ಲ, ಮುಕ್ಕಾಲು ಗಂಟೆಯ ಮೇಲೆ ತಾನಾಗಿ ಕೂಡಿಕೊಳ್ಳುವುದಿಲ್ಲ, ಕೂಡಿಕೊಂಡರೂ 14 ಮೊದಲು 7 ಆಮೇಲೆ ಎಂಬ ಸರದಿಯನ್ನು ಪಾಲಿಸುವುದಿಲ್ಲ. ಮೇಲಿನ ಕಂಪನಾಂಕ ಕಡಿಮೆ ಪೆಟ್ಟು ತಿಂದು ಬೇಗ ಚೇತರಿಸಿಕೊಳ್ಳುವುದು, ಕೆಳಗಿನದು ಪೂರ್ತಿ ಮುಳುಗಿ ಕೊನೆಗೆ ಏಳುವುದು, ಇದು ಅಯಾನುಗೋಳದ (ಸೂರ್ಯನ ಕಿರಣಗಳು ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿರುವ ಮೇಲಿನ ವಾತಾವರಣದ) ಕೆಳಭಾಗದಲ್ಲಿ ನಡೆಯುವ ಹೀರಿಕೆಯ ತಪ್ಪದ ಗುರುತು.

ನೀವು ಒಟ್ಟಿಗೆ ಕೇಳಿರುವುದು ಮೂರು ಬೇರೆ ಸಂಗತಿಗಳ ಬಗ್ಗೆ: ದಿನವೂ ಮಧ್ಯಾಹ್ನ ದನಿ ಸೊರಗುವುದು, ಅಪರೂಪಕ್ಕೆ ನಿಮಿಷಗಳೊಳಗೆ ಬ್ಯಾಂಡ್ ಸಾಯುವುದು, ನಿಮ್ಮ ಗೆಳೆಯನ ಚಳಿಗಾಲದ ತೊಂದರೆ. ಮೂರೂ ನಡೆಯುವ ಜಾಗ ಒಂದೇ, ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿರುವ ಡಿ ಪ್ರದೇಶ. ನಡೆಸುವ ಕಾರಣಗಳು ಮಾತ್ರ ಒಂದೊಂದಕ್ಕೂ ಬೇರೆ. ಹಾಗಾಗಿ ಒಂದಕ್ಕೆ ಹೊಂದುವ ವಿವರಣೆಯನ್ನು ಇನ್ನೊಂದಕ್ಕೆ ಅಂಟಿಸಹೋದಾಗ ಗೊಂದಲವಾಗುತ್ತದೆ. ನಿಮ್ಮ ಮೂವರು ಸಲಹೆಗಾರರಲ್ಲಿ ಇಬ್ಬರು ಮಾಡಿರುವುದೂ ಇದನ್ನೇ.

ಹೀರಿಕೆ ಎಂದರೆ ಏನು ಎಂಬುದನ್ನು ಮೊದಲು ಹತ್ತಿರದಿಂದ ನೋಡೋಣ. ನಿಮ್ಮ ಆಂಟೆನಾದಿಂದ ಹೊರಟ ಅಲೆ 200ರಿಂದ 300 ಕಿಲೋಮೀಟರ್ ಎತ್ತರದ ಎಫ್ ಪದರದಲ್ಲಿ ಬಾಗಿ ಕೆಳಗಿಳಿದು ನಿಮ್ಮ ಗೆಳೆಯರನ್ನು ಮುಟ್ಟುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಎರಡು ಸಲ ಅದು ಡಿ ಪ್ರದೇಶವನ್ನು ದಾಟಲೇಬೇಕು. ಅಲ್ಲಿ ಸಿಗುವ ಬಿಡಿ ಎಲೆಕ್ಟ್ರಾನುಗಳನ್ನು ಅಲೆಯ ವಿದ್ಯುತ್ ಕ್ಷೇತ್ರ ತನ್ನ ತಾಳಕ್ಕೆ ತಕ್ಕಂತೆ ಹಿಂದೆ ಮುಂದೆ ತೂಗುತ್ತದೆ. ತೂಗಾಡುವ ಎಲೆಕ್ಟ್ರಾನ್ ತಾನೇ ಒಂದು ಪುಟ್ಟ ಆಂಟೆನಾ. ಅಲೆಯಿಂದ ಪಡೆದ ಶಕ್ತಿಯನ್ನು ಅದು ಮತ್ತೆ ಅಲೆಯಾಗಿಯೇ ಹಿಂದಿರುಗಿಸುತ್ತದೆ. ಈ ಕೊಡುಕೊಳ್ಳುವಿಕೆ ಅಡ್ಡಿಯಿಲ್ಲದೆ ನಡೆದರೆ ನಷ್ಟವೇನೂ ಇಲ್ಲ, ಎಫ್ ಪದರದಲ್ಲಿ ಬಹುಮಟ್ಟಿಗೆ ಆಗುವುದು ಅದೇ. ಆದರೆ ಡಿ ಪ್ರದೇಶದಲ್ಲಿ ಗಾಳಿ ಇನ್ನೂ ಸಾಕಷ್ಟು ದಟ್ಟವಾಗಿದೆ: ಹಗಲಿನಲ್ಲಿಯೂ ಅಲ್ಲಿ ಸುಮಾರು ಲಕ್ಷ ಕೋಟಿ ತಟಸ್ಥ ಅಣುಗಳ ನಡುವೆ ಒಂದೇ ಒಂದು ಬಿಡಿ ಎಲೆಕ್ಟ್ರಾನ್ ಇರುತ್ತದೆ. 80 ಕಿಲೋಮೀಟರ್ ಎತ್ತರದಲ್ಲಿ ಅದು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. 70 ಕಿಲೋಮೀಟರಿಗೆ ಇಳಿದರೆ ಈ ಸಂಖ್ಯೆ ಹಲವು ಪಟ್ಟು ಏರುತ್ತದೆ. ಪ್ರತಿ ಡಿಕ್ಕಿಯಲ್ಲೂ ಎಲೆಕ್ಟ್ರಾನ್ ಅಲೆಯಿಂದ ಪಡೆದಿದ್ದ ಓಟ ದಿಕ್ಕುತಪ್ಪಿ, ಅಲೆಗೆ ಮರಳಬೇಕಿದ್ದ ಶಕ್ತಿ ಬರಿಯ ಶಾಖವಾಗಿ ಕರಗಿಹೋಗುತ್ತದೆ. ಹೀರಿಕೆ ಎಂದರೆ ಇಷ್ಟೇ.

ಕೆಳಗಿನ ಕಂಪನಾಂಕಕ್ಕೆ ಪೆಟ್ಟು ಹೆಚ್ಚು ಬೀಳುವುದು ಏಕೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ನಿಧಾನವಾಗಿ ತೂಗುವ ಅಲೆ ಪ್ರತಿ ತೂಗಿನಲ್ಲಿಯೂ ಎಲೆಕ್ಟ್ರಾನನ್ನು ಹೆಚ್ಚು ಹೊತ್ತು ಒಂದೇ ದಿಕ್ಕಿಗೆ ತಳ್ಳುತ್ತದೆ. ಕಂಪನಾಂಕ ಅರ್ಧವಾದರೆ ಎಲೆಕ್ಟ್ರಾನ್ ಗಳಿಸುವ ವೇಗ ಎರಡು ಪಟ್ಟಾಗುತ್ತದೆ, ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ಡಿಕ್ಕಿಯಾದಾಗ ಕಳೆದುಹೋಗುವುದೂ ಅಷ್ಟೇ ಹೆಚ್ಚು. ಭೂಮಿಯ ಕಾಂತಕ್ಷೇತ್ರದ ಪ್ರಭಾವವನ್ನೂ ಸೇರಿಸಿದರೆ, ಲೆಕ್ಕ ಹಾಕುವಾಗ ಕಂಪನಾಂಕಕ್ಕೆ ಸುಮಾರು 1 ಮೆಗಾಹರ್ಟ್ಸ್ ಕೂಡಿಸಿ, ಬಂದ ಮೊತ್ತದ ವರ್ಗಕ್ಕೆ ವಿಲೋಮವಾಗಿ ಡೆಸಿಬೆಲ್ (ಬಲದ ಏರಿಳಿತದ ಮಾನ, ಪ್ರತಿ 10ಕ್ಕೆ ಹತ್ತು ಪಟ್ಟು) ನಷ್ಟ ಇಳಿಯುತ್ತದೆ ಎಂದು ಇಟ್ಟುಕೊಳ್ಳಬಹುದು. ಈ ಒಂದು ಸಾಲನ್ನು ನಿಮ್ಮ ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಮುಂದೆ ನಾನು ಹೇಳುವ ಪರಿಹಾರವೆಲ್ಲ ಇದರ ಮೇಲೆಯೇ ನಿಂತಿದೆ.

ದಿನನಿತ್ಯದ ಏರಿಳಿತಕ್ಕೆ ಬರೋಣ. ಡಿ ಪ್ರದೇಶದಲ್ಲಿ ಎಲೆಕ್ಟ್ರಾನುಗಳನ್ನು ಬಿಡಿಸುವ ಮುಖ್ಯ ಕೆಲಸ ಮಾಡುವುದು ಸೂರ್ಯನ ಲೈಮನ್ ಆಲ್ಫಾ ಎಂಬ 121.6 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣ. ಅಯಾನೀಕರಿಸಬಲ್ಲ ಬೇರೆ ಅತಿನೇರಳೆ ಕಿರಣಗಳು ಬಹುಮಟ್ಟಿಗೆ ಮೇಲೆಯೇ ತಡೆಯಲ್ಪಟ್ಟರೂ ಇದು ಅಷ್ಟು ಕೆಳಗಿನವರೆಗೆ ನುಸುಳಿ ಬಂದು, ಅಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ನೈಟ್ರಿಕ್ ಆಕ್ಸೈಡ್ ಅಣುಗಳನ್ನು ಅಯಾನೀಕರಿಸುತ್ತದೆ. ಈ ಅನಿಲದ ಹೆಸರನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಗೆಳೆಯನ ವಿಷಯದಲ್ಲಿ ಮತ್ತೆ ಬರುತ್ತದೆ. ಸೂರ್ಯ ಮೇಲೇರಿದಂತೆ ಅಯಾನೀಕರಣ ಹೆಚ್ಚುತ್ತದೆ, ಇಳಿದಂತೆ ಕಡಿಮೆಯಾಗುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನುಗಳು ಮರಳಿ ಅಯಾನುಗಳ ಜೊತೆ ಕೂಡಿಕೊಳ್ಳಲು ಕೆಲವು ನಿಮಿಷ ಬೇಕಾಗುವುದರಿಂದ, ಹೀರಿಕೆಯ ತುತ್ತತುದಿ ಸೂರ್ಯ ನೆತ್ತಿಗೇರಿದ ಕ್ಷಣದಲ್ಲಿ ಬಾರದೆ ಸ್ವಲ್ಪ ತಡವಾಗಿ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ಉಳಿದ ಎಲೆಕ್ಟ್ರಾನುಗಳು ಆಮ್ಲಜನಕದ ಅಣುಗಳಿಗೆ ಅಂಟಿಕೊಳ್ಳುತ್ತವೆ. ಅಣುವಿಗೆ ಅಂಟಿದ ಎಲೆಕ್ಟ್ರಾನ್ ಅಲೆಯ ತೂಗಿಗೆ ಅಲುಗಲಾರದಷ್ಟು ಭಾರವಾಗುತ್ತದೆ, ಹೀರಿಕೆ ನಿಲ್ಲುತ್ತದೆ. ಹಗಲಿನಲ್ಲಿ ಸಮೀಪಕ್ಕಷ್ಟೇ ಕೇಳುವ ಮಧ್ಯಮ ತರಂಗದ ಸ್ಟೇಷನ್ನುಗಳು ರಾತ್ರಿ ಸಾವಿರಾರು ಕಿಲೋಮೀಟರ್ ದಾಟಿ ಬರುವುದು ಇದರಿಂದಲೇ.

ಕೇಬಲ್ ಬದಲಿಸಿದ್ದಕ್ಕೆ ನೀವು ನಾಚಿಕೊಳ್ಳಬೇಕಾಗಿಲ್ಲ. 1902ರ ಫೆಬ್ರುವರಿಯಲ್ಲಿ ಮಾರ್ಕೋನಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ದಾಟುತ್ತಾ, ಇಂಗ್ಲೆಂಡಿನ ಪೋಲ್ಡುವಿನಿಂದ ಬರುತ್ತಿದ್ದ ಸಂಕೇತಗಳು ಹಗಲಿನಲ್ಲಿ ಸುಮಾರು 700 ಮೈಲಿಗೇ ಮರೆಯಾಗಿ, ರಾತ್ರಿ 2000 ಮೈಲಿಯಾಚೆಗೂ ಸಿಗುವುದನ್ನು ಕಂಡರು. ಬೆಳಕು ಬಿದ್ದಾಗ ಪ್ರಸಾರದ ಆಂಟೆನಾ ತನ್ನ ವಿದ್ಯುದಾವೇಶವನ್ನು ಕಳೆದುಕೊಳ್ಳುತ್ತಿರಬಹುದು ಎಂಬುದು ಅವರ ಊಹೆಯಾಗಿತ್ತು. ತಪ್ಪನ್ನು ಮೊದಲು ಆಂಟೆನಾದಲ್ಲಿ ಹುಡುಕುವ ಅಭ್ಯಾಸಕ್ಕೆ ಬಹಳ ದೊಡ್ಡ ಪರಂಪರೆಯೇ ಇದೆ.

ಇನ್ನು ಆ ಹತ್ತೂವರೆಯ ಘಟನೆ. ಅದು ಸೌರಜ್ವಾಲೆಯ, ಅಂದರೆ ಸೂರ್ಯನಲ್ಲಿ ಥಟ್ಟನೆ ಶಕ್ತಿ ಸಿಡಿಯುವುದರ, ಫಲ. ಜ್ವಾಲೆ ಎದ್ದಾಗ ಲೈಮನ್ ಆಲ್ಫಾ ಸ್ವಲ್ಪವೇ ಹೆಚ್ಚುತ್ತದೆ; ಆದರೆ 0.1ರಿಂದ 0.8 ನ್ಯಾನೋಮೀಟರ್ ತರಂಗಾಂತರದ ಕ್ಷ-ಕಿರಣಗಳು ನೂರು ಪಟ್ಟು, ದೊಡ್ಡ ಜ್ವಾಲೆಯಲ್ಲಿ ಸಾವಿರ ಪಟ್ಟು ಏರಿಬಿಡುತ್ತವೆ. ಇವು ನೈಟ್ರಿಕ್ ಆಕ್ಸೈಡಿಗಾಗಿ ಕಾಯುವುದಿಲ್ಲ. ಗಾಳಿಯ ಮುಖ್ಯ ಘಟಕಗಳಾದ ಸಾರಜನಕ ಮತ್ತು ಆಮ್ಲಜನಕವನ್ನೇ ಅಯಾನೀಕರಿಸುತ್ತಾ ಡಿ ಪ್ರದೇಶದ ತಳದವರೆಗೆ ಇಳಿಯುತ್ತವೆ. ಡಿಕ್ಕಿಗಳು ಅತಿ ಹೆಚ್ಚು ನಡೆಯುವ ಎತ್ತರದಲ್ಲಿಯೇ ಎಲೆಕ್ಟ್ರಾನುಗಳೂ ಹೆಚ್ಚಾದಾಗ ಹ್ರಸ್ವ ತರಂಗಗಳಿಗೆ ದಾರಿಯೇ ಮುಚ್ಚಿದಂತಾಗುತ್ತದೆ. 1930ರಲ್ಲಿ ಜರ್ಮನಿಯ ಮ್ಯೋಗೆಲ್, 1935ರಲ್ಲಿ ಅಮೆರಿಕದ ಡೆಲಿಂಜರ್ ಇದನ್ನು ಸೂರ್ಯನ ಚಟುವಟಿಕೆಗೆ ಹೊಂದಿಸಿ ತೋರಿಸಿದ್ದರಿಂದ ಇದಕ್ಕೆ ಅವರಿಬ್ಬರ ಹೆಸರೂ ಅಂಟಿಕೊಂಡಿದೆ. ಎರಗುವುದು ನಿಮಿಷಗಳಲ್ಲಿ, ಇಳಿಯುವುದು ಹತ್ತಾರು ನಿಮಿಷಗಳಿಂದ ಒಂದೆರಡು ಗಂಟೆಗಳಲ್ಲಿ. ಏರು ಕಡಿದು, ಇಳಿಜಾರು ಉದ್ದ. ನೀವು ಬರೆದಿರುವ ಕಾಲಮಾನ ಇದಕ್ಕೆ ಸರಿಯಾಗಿ ಹೊಂದುತ್ತದೆ. ಗದ್ದಲ ತಗ್ಗಿದ್ದೂ ಇದೇ ಕಾರಣಕ್ಕೆ, ಏಕೆಂದರೆ 7 ಮೆಗಾಹರ್ಟ್ಸಿನಲ್ಲಿ ನೀವು ಕೇಳುವ ಗೊರಗೊರದ ಬಹುಪಾಲು ದೂರದೂರದ ಸಿಡಿಲುಗಳಿಂದ ಹುಟ್ಟಿ ಅದೇ ಅಯಾನುಗೋಳದ ದಾರಿಯಲ್ಲಿ ಬರುತ್ತದೆ. ಅಕ್ಕಪಕ್ಕದ ವಿದ್ಯುತ್ ಉಪಕರಣಗಳ ಗದ್ದಲ ತುಂಬಿರುವ ಕಡೆ ಇದು ಗೊತ್ತಾಗುವುದಿಲ್ಲ. ಆ ಗದ್ದಲ ಮೇಲೆ ಹೋಗಿ ಬರುವುದಿಲ್ಲವಾದ್ದರಿಂದ ಹೀರಿಕೆಯ ಹೊತ್ತಿನಲ್ಲೂ ಇದ್ದ ಹಾಗೇ ಇರುತ್ತದೆ. ನಿಮ್ಮ ಜಾಗ ನಿಶ್ಶಬ್ದವಾಗಿದೆ, ಅದೃಷ್ಟವಂತರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೋಣೆಯಲ್ಲಿ ಎರಡು ದಾಖಲೆ ಯಂತ್ರಗಳು ಅಕ್ಕಪಕ್ಕದಲ್ಲಿದ್ದವು. ಒಂದಕ್ಕೆ 30 ಮೆಗಾಹರ್ಟ್ಸಿನ ರಿಯೋಮೀಟರ್ ಜೋಡಿಸಿತ್ತು. ನಕ್ಷತ್ರಲೋಕದಿಂದ ಸದಾ ಬರುವ ರೇಡಿಯೋ ಗದ್ದಲವನ್ನು ಅಳೆಯುವ ಉಪಕರಣ ಅದು: ಆಕಾಶದ ಒಂದೇ ಭಾಗ 23 ಗಂಟೆ 56 ನಿಮಿಷಕ್ಕೊಮ್ಮೆ ಆಂಟೆನಾದ ಮೇಲೆ ಹಾಯುವುದರಿಂದ, ಶಾಂತ ದಿನಗಳ ಗೆರೆ ಹೇಗಿರಬೇಕೆಂದು ಮೊದಲೇ ಗೊತ್ತಿರುತ್ತದೆ, ಗೆರೆ ಅದಕ್ಕಿಂತ ಎಷ್ಟು ಕೆಳಗಿಳಿಯಿತೋ ಅಷ್ಟು ಹೀರಿಕೆ. 1953ರಲ್ಲಿ ಎ. ಪಿ. ಮಿತ್ರ ಮತ್ತು ಶೇನ್ ಅವರು 18.3 ಮೆಗಾಹರ್ಟ್ಸಿನಲ್ಲಿ ಮಾಡಿ ತೋರಿಸಿದ ಈ ಉಪಾಯಕ್ಕೆ 1959ರಲ್ಲಿ ಲಿಟಲ್ ಮತ್ತು ಲೈನ್‌ಬ್ಯಾಕ್ ಅವರು ರಿಯೋಮೀಟರ್ ಎಂಬ ರೂಪ ಕೊಟ್ಟರು. ಇನ್ನೊಂದು ಯಂತ್ರ ಸುಮಾರು 20 ಕಿಲೋಹರ್ಟ್ಸಿನ ಅತಿ ಕೆಳಗಿನ ಕಂಪನಾಂಕದ ಪ್ರಸಾರವೊಂದರ ಬಲವನ್ನು ಬರೆಯುತ್ತಿತ್ತು. ಒಂದು ದಿನ ನಾನು ನೋಡುತ್ತಿದ್ದ ಹಾಗೆಯೇ ರಿಯೋಮೀಟರಿನ ಮುಳ್ಳು ಒಮ್ಮೆ ಮೇಲಕ್ಕೆ ನೆಗೆದು, ನಂತರ ಕಾಗದದ ಮೇಲೆ ಕೆಳಮುಖವಾಗಿ ಜಾರತೊಡಗಿತು. ಅದೇ ಹೊತ್ತಿಗೆ ಪಕ್ಕದ ಮುಳ್ಳು ಮೇಲೇರಿತು. ನಾನು ಮಾಡಿದ ಮೊದಲ ಕೆಲಸವೆಂದರೆ ರಿಯೋಮೀಟರಿನ ಹಿಂದೆ ಕೈಹಾಕಿ ಕೇಬಲ್ ತಡವಿದ್ದು. ಮೊದಲ ನೆಗೆತ ಜ್ವಾಲೆಯಿಂದಲೇ ಹೊಮ್ಮಿದ ರೇಡಿಯೋ ಸದ್ದು, ನಂತರದ ಜಾರು ಹೀರಿಕೆ, ಪಕ್ಕದ ಮುಳ್ಳಿನ ಏರಿಕೆಯೂ ಅದೇ ಜ್ವಾಲೆಯದು ಎಂದು ಹಿರಿಯರೊಬ್ಬರು ವಿವರಿಸಿದ ಮೇಲೆಯೇ ತಿಳಿದದ್ದು.

ಪಕ್ಕದ ಮುಳ್ಳು ಏರಿದ್ದು ಹೇಗೆ? ಅತಿ ಕೆಳಗಿನ ಕಂಪನಾಂಕದ ಅಲೆಗಳು ಡಿ ಪ್ರದೇಶವನ್ನು ದಾಟಿ ಹೋಗುವುದೇ ಇಲ್ಲ. ಅದರ ತಳದಿಂದಲೇ, ಹಗಲಿನಲ್ಲಿ ಸುಮಾರು 70 ಕಿಲೋಮೀಟರ್, ರಾತ್ರಿ 85 ಕಿಲೋಮೀಟರಿನ ಆಸುಪಾಸು, ಪ್ರತಿಫಲಿಸುತ್ತವೆ. ಜ್ವಾಲೆ ಆ ತಳವನ್ನು ಕೆಳಗಿಳಿಸಿ ಹರಿತಗೊಳಿಸಿದಾಗ ಹಲವು ಹಾದಿಗಳಲ್ಲಿ ಪ್ರತಿಫಲನ ಇನ್ನೂ ಚೆನ್ನಾಗಿ ಆಗುತ್ತದೆ. 2003ರ ನವೆಂಬರ್ 4ರ ಮಹಾಜ್ವಾಲೆಯ ಕ್ಷ-ಕಿರಣ ಉಪಗ್ರಹದ ಸಂವೇದಕಗಳ ಅಳತೆಯನ್ನೇ ಮೀರಿತ್ತು. ಅದನ್ನು ಎಕ್ಸ್28 ಎಂದು ಅಂದಾಜಿಸಲಾಗಿತ್ತು (ಜ್ವಾಲೆಯ ಈ ಅಳತೆಯ ವಿವರ ಮುಂದೆ ಬರುತ್ತದೆ). ಡಿ ಪ್ರದೇಶ ಎಷ್ಟು ಕೆಳಗಿಳಿಯಿತು ಎಂಬುದನ್ನು ಈ ಅಲೆಗಳ ಮೂಲಕ ಲೆಕ್ಕ ಹಾಕಿದವರಿಗೆ ಸಿಕ್ಕ ಉತ್ತರ ಸುಮಾರು ಎಕ್ಸ್45. ಸಂಪರ್ಕವನ್ನು ಕೆಡಿಸುವ ಪದರವೇ ಒಮ್ಮೊಮ್ಮೆ ಸೂರ್ಯನನ್ನು ಅಳೆಯುವ ಮಾಪಕವಾಗುತ್ತದೆ.

ನಿಮ್ಮ ಜ್ವಾಲೆ ಎಷ್ಟು ದೊಡ್ಡದು? ಜ್ವಾಲೆಗಳನ್ನು ಕ್ಷ-ಕಿರಣದ ತೀವ್ರತೆಗೆ ತಕ್ಕಂತೆ ಸಿ, ಎಂ, ಎಕ್ಸ್ ಎಂದು ವಿಂಗಡಿಸುತ್ತಾರೆ, ಒಂದೊಂದು ಅಕ್ಷರಕ್ಕೂ ಹತ್ತು ಪಟ್ಟು ಏರಿಕೆ. ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಕೇಂದ್ರ ಪ್ರಕಟಿಸುವ ಡಿ ಪ್ರದೇಶದ ಹೀರಿಕೆಯ ನಕ್ಷೆಯಲ್ಲಿ, ಸೂರ್ಯ ನೆತ್ತಿಯ ಮೇಲಿರುವ ಜಾಗದಲ್ಲಿ ಎಂ1 ಜ್ವಾಲೆ 15 ಮೆಗಾಹರ್ಟ್ಸಿನವರೆಗೆ, ಎಕ್ಸ್1 ಜ್ವಾಲೆ 25 ಮೆಗಾಹರ್ಟ್ಸಿನವರೆಗೆ ಕನಿಷ್ಠ 1 ಡೆಸಿಬೆಲ್ ನಷ್ಟ ಉಂಟುಮಾಡುತ್ತದೆ ಎಂಬ ಸೂತ್ರವಿದೆ. ನಿಮ್ಮಲ್ಲಿ 14 ಸತ್ತು 21 ಜೀವ ಹಿಡಿದುಕೊಂಡಿದ್ದನ್ನು ನೋಡಿದರೆ ಎಂ ವರ್ಗದ ಮೇಲ್ಭಾಗವೋ ಎಕ್ಸ್ ವರ್ಗದ ಆರಂಭವೋ ಇರಬೇಕೆಂದು ನನ್ನ ಅಂದಾಜು. ಅಂದಾಜಿನಲ್ಲಿ ನಿಲ್ಲಬೇಕಾಗಿಯೂ ಇಲ್ಲ: ನಿಮ್ಮ ಲಾಗ್‌ನಲ್ಲಿ ತಾರೀಖು ಮತ್ತು ಗಂಟೆ ಇದ್ದರೆ, ಗೋಸ್ ಉಪಗ್ರಹಗಳ ಕ್ಷ-ಕಿರಣ ದಾಖಲೆಯಲ್ಲಿ ಅದೇ ಹೊತ್ತಿಗೆ ಮೇಲೆದ್ದಿರುವ ಶಿಖರವನ್ನು ನೀವೇ ನೋಡಬಹುದು. ಅಲ್ಲಿನ ಸಮಯ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ.

ಈಗ ಸಲಹೆಗಾರರ ಮಾತುಗಳನ್ನು ತೂಗೋಣ. ಮೋಡ, ಮಳೆ, ಝಳ ಎಲ್ಲವೂ ನೆಲದಿಂದ 15 ಕಿಲೋಮೀಟರಿನೊಳಗಿನ ವ್ಯವಹಾರ, 7 ಮೆಗಾಹರ್ಟ್ಸ್ ಅಲೆಗೆ ಅವು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಮಳೆಹನಿಗಳು ರೇಡಿಯೋ ಅಲೆಯನ್ನು ಗಣನೀಯವಾಗಿ ತಡೆಯುವುದು ಅದಕ್ಕಿಂತ ಸಾವಿರ ಪಟ್ಟು ಮೇಲಿನ ಕಂಪನಾಂಕಗಳಲ್ಲಿ, ಉಪಗ್ರಹ ಟಿವಿಯ ವಲಯದಲ್ಲಿ. ಝಳ ಹೆಚ್ಚಿದಾಗಲೇ ದನಿ ಸೊರಗುವುದು ನಿಜ. ಆದರೆ ಝಳಕ್ಕೂ ಹೀರಿಕೆಗೂ ಸೂರ್ಯ ಕಾರಣವೇ ಹೊರತು, ಒಂದಕ್ಕೆ ಇನ್ನೊಂದು ಕಾರಣವಲ್ಲ. ದಟ್ಟ ಮೋಡ ಕವಿದ ತಂಪು ಮಧ್ಯಾಹ್ನವೂ ನಿಮ್ಮ ಗೆಳೆಯರ ದನಿ ಅಷ್ಟೇ ಕುಗ್ಗುವುದನ್ನು ಗಮನಿಸಿ ನೋಡಿ.

ರೇಡಿಯೋ ಸುಟ್ಟುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಜ್ವಾಲೆಯ ಕ್ಷ-ಕಿರಣಗಳು ಮೇಲೆಯೇ ಮುಗಿದುಹೋಗುತ್ತವೆ, ನೆಲವನ್ನು ಮುಟ್ಟುವುದಿಲ್ಲ. ನಿಮ್ಮ ಆಂಟೆನಾಕ್ಕೆ ಆ ಹೊತ್ತಿನಲ್ಲಿ ಬರುವುದು ಎಂದಿಗಿಂತ ಕಡಿಮೆ ಶಕ್ತಿ, ಹೆಚ್ಚಲ್ಲ. ಆಂಟೆನಾ ಕಳಚಿಡಬೇಕಾದದ್ದು ಗುಡುಗು ಸಿಡಿಲಿಗೆ. ಸೌರ ಬಿರುಗಾಳಿ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಸಂಗತಿಗಳನ್ನು ಕಲಸುವುದು ಈ ಭಯದ ಮೂಲ. ಕ್ಷ-ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದು ಹಗಲಿರುವ ಅರ್ಧಗೋಳವನ್ನಷ್ಟೇ ಬಾಧಿಸುತ್ತದೆ. ವೇಗವಾಗಿ ಸಿಡಿದ ಪ್ರೋಟಾನುಗಳು ಹತ್ತಾರು ನಿಮಿಷಗಳಿಂದ ಗಂಟೆಗಳಲ್ಲಿ ಬಂದು, ಭೂಮಿಯ ಕಾಂತಕ್ಷೇತ್ರ ದಾರಿಬಿಡುವ ಧ್ರುವಪ್ರದೇಶಗಳಲ್ಲಿ ಮಾತ್ರ ಇಳಿದು, ಅಲ್ಲಿ ಹೀರಿಕೆಯನ್ನು ದಿನಗಟ್ಟಲೆ ಎಳೆಯುತ್ತವೆ. ಧ್ರುವದ ಮೇಲಿನ ವಿಮಾನಗಳು ದಾರಿ ಬದಲಿಸುವುದು ಇದಕ್ಕಾಗಿ. ಸೂರ್ಯ ಉಗುಳಿದ ದ್ರವ್ಯರಾಶಿ ಒಂದರಿಂದ ಮೂರು ದಿನಕ್ಕೆ ತಲುಪಿ ಕಾಂತಬಿರುಗಾಳಿ ಎಬ್ಬಿಸಿದಾಗ ಮುಖ್ಯವಾಗಿ ಕದಡುವುದು ಎಫ್ ಪದರ. ನಿಮಗೆ ಆದದ್ದು ಮೊದಲನೆಯದು ಮಾತ್ರ.

ಆಂಪ್ಲಿಫೈಯರಿನ ಸಲಹೆ ಪೂರ್ತಿ ಸುಳ್ಳಲ್ಲ, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಆ ದಿನ ನಿಮ್ಮ ಹಾದಿಯಲ್ಲಿ 7 ಮೆಗಾಹರ್ಟ್ಸಿಗೆ 40 ಡೆಸಿಬೆಲ್ ಹೀರಿಕೆಯಾಯಿತೆಂದು ಇಟ್ಟುಕೊಳ್ಳಿ. 40 ಡೆಸಿಬೆಲ್ ಎಂದರೆ ಹತ್ತು ಸಾವಿರ ಪಟ್ಟು. ಅದನ್ನು ಬಲದಿಂದ ಗೆಲ್ಲಲು 100 ವಾಟಿನ ಬದಲು ಹತ್ತು ಲಕ್ಷ ವಾಟ್ ಬೇಕು. ಸಾವಿರ ವಾಟ್ ಕೊಡುವುದು 10 ಡೆಸಿಬೆಲ್, ಸಂಕೇತದ ಬಲ ತೋರಿಸುವ ಎಸ್-ಮೀಟರಿನಲ್ಲಿ ಎರಡು ಅಂಕವೂ ಇಲ್ಲ. ಅದೇ 14 ಮೆಗಾಹರ್ಟ್ಸಿಗೆ ಹೋದರೆ, ಮೇಲೆ ಹೇಳಿದ ಸೂತ್ರದಂತೆ, 40 ಇದ್ದ ನಷ್ಟ ಸುಮಾರು 11ಕ್ಕೆ ಇಳಿಯುತ್ತದೆ. ಗುಂಡಿ ತಿರುಗಿಸಿ 29 ಡೆಸಿಬೆಲ್ ಗಳಿಸುವುದನ್ನು ಬಿಟ್ಟು ಹಣ ಸುರಿದು 10 ಗಳಿಸುವುದು ನನಗಂತೂ ಒಪ್ಪಿಗೆಯಿಲ್ಲ. ದಿನನಿತ್ಯದ ಮಧ್ಯಾಹ್ನದ ಸೊರಗುವಿಕೆಯಲ್ಲಿ, ಕೇಳಿಯೂ ಕೇಳದ ಅಂಚಿನಲ್ಲಿರುವಾಗ, ಆ 10 ಡೆಸಿಬೆಲ್ ಸಹಾಯ ಮಾಡೀತು. ಆದರೆ ಅದರಿಂದ ಅವರಿಗೆ ನೀವು ಕೇಳಿಸುತ್ತೀರಿ, ನಿಮಗೆ ಅವರು ಕೇಳಿಸಬೇಕಾದರೆ ಅವರೂ ಒಂದು ಕೊಳ್ಳಬೇಕು. ಜೊತೆಗೆ ಮಾರಕ ವೋಲ್ಟೇಜು, ನೆರೆಮನೆಯ ಉಪಕರಣಗಳಿಗೆ ಅಡಚಣೆ, ಪರವಾನಗಿಯ ಮಿತಿ, ಇವೆಲ್ಲ ಹೆಗಲೇರುತ್ತವೆ. ಬಲ ಹೆಚ್ಚಿದರೆ ಪದರವೇ ಬದಲಾಗುತ್ತದೆ ಎಂಬ ವಿಚಿತ್ರವೂ ಇದೆ: 1933ರಲ್ಲಿ ಡಚ್ ಎಂಜಿನಿಯರ್ ಟೆಲೆಗೆನ್ ಅವರು ಸ್ವಿಟ್ಜರ್ಲೆಂಡಿನ ಬೆರೋಮ್ಯುನ್‌ಸ್ಟರ್ ಕೇಂದ್ರವನ್ನು ಕೇಳುತ್ತಿದ್ದಾಗ ಅದರ ಹಿಂದೆ ಲಕ್ಸೆಂಬರ್ಗಿನ ಪ್ರಬಲ ಕೇಂದ್ರದ ಕಾರ್ಯಕ್ರಮ ಕೇಳಿಬಂತು. ಪ್ರಬಲ ಅಲೆ ಎಲೆಕ್ಟ್ರಾನುಗಳನ್ನು ಬಿಸಿಮಾಡಿ ಡಿಕ್ಕಿಗಳ ದರವನ್ನೇ ಏರಿಳಿಸಿ, ತನ್ನ ಹಾಡನ್ನು ಇನ್ನೊಂದು ಅಲೆಯ ಮೇಲೆ ಅಚ್ಚೊತ್ತಿತ್ತು. ನಿಮ್ಮ ಸಾವಿರ ವಾಟಿಗೆ ಆ ಶಕ್ತಿಯಿಲ್ಲ, ಚಿಂತೆ ಬೇಡ.

ಪ್ರಿಆಂಪ್ಲಿಫೈಯರ್ ಕೊಳ್ಳುವ ಮೊದಲು ಎರಡು ಸೆಕೆಂಡಿನ ಪರೀಕ್ಷೆ ಮಾಡಿ. ಸಾಮಾನ್ಯ ದಿನವೊಂದರಲ್ಲಿ ಆಂಟೆನಾದ ಪ್ಲಗ್ ಕಳಚಿ. ಗದ್ದಲ ಥಟ್ಟನೆ ಬಿದ್ದರೆ ನಿಮ್ಮ ರಿಸೀವರಿಗೆ ಬೇಕಾದಷ್ಟು ಸೂಕ್ಷ್ಮತೆ ಈಗಾಗಲೇ ಇದೆ. ಆಗ ಪ್ರಿಆಂಪ್ಲಿಫೈಯರ್ ದನಿಯನ್ನೂ ಗದ್ದಲವನ್ನೂ ಒಂದೇ ಅಳತೆಯಲ್ಲಿ ಎತ್ತುತ್ತದೆ, ಲಾಭ ಸೊನ್ನೆ.

ನಾನು ಸೂಚಿಸುವ ದಾರಿ ಹೀಗಿದೆ. ಮಧ್ಯಾಹ್ನದ ಮಾತುಕತೆಯನ್ನು 10 ಮೆಗಾಹರ್ಟ್ಸ್ ಬ್ಯಾಂಡಿಗೆ ಒಯ್ಯಿರಿ, ಅಲ್ಲಿ ಹೀರಿಕೆ 7ರಲ್ಲಿರುವುದರ ಹೆಚ್ಚುಕಡಿಮೆ ಅರ್ಧ. ಅಲ್ಲಿ ಪಟ್ಟಿ ಕಿರಿದು, ಬಹುತೇಕ ಮೋರ್ಸ್ ಮತ್ತು ಡಿಜಿಟಲ್ ಸಂವಹನಕ್ಕೆ ಮೀಸಲು. ನಿಮ್ಮ ಪರವಾನಗಿ ಏನು ಅನುಮತಿಸುತ್ತದೆ ನೋಡಿಕೊಳ್ಳಿ. ಮಾತೇ ಬೇಕೆಂದರೆ 14 ಇದೆ, ಆದರೆ ಅದರ ಅಪಾಯ ಬೇರೆ ತುದಿಯಲ್ಲಿದೆ. 600 ಕಿಲೋಮೀಟರಿನ ಹಾದಿಯಲ್ಲಿ ಅಲೆ ಕಡಿದಾದ ಕೋನದಲ್ಲಿ ಮೇಲೇರಬೇಕು. ಎಫ್ ಪದರ ನೇರವಾಗಿ ಮೇಲೇರಿದ ಅಲೆಯನ್ನು ಎಷ್ಟು ಕಂಪನಾಂಕದವರೆಗೆ ಹಿಂದಿರುಗಿಸಬಲ್ಲದೋ ಅದರ ಸುಮಾರು 1.4 ಪಟ್ಟಿನವರೆಗೆ ಮಾತ್ರ ನಿಮಗೆ ಅವಕಾಶ. ಸೂರ್ಯ ಚುರುಕಾಗಿರುವ ವರ್ಷಗಳ ಮಧ್ಯಾಹ್ನ ನೇರ ಅಲೆಯ ಆ ಮಿತಿ 10 ಮೆಗಾಹರ್ಟ್ಸ್ ದಾಟುವುದರಿಂದ 14 ಕೆಲಸ ಮಾಡುತ್ತದೆ; ಸೌರಚಕ್ರದ, ಅಂದರೆ ಸೂರ್ಯನ ಚಟುವಟಿಕೆ ಏರಿಳಿಯುವ ಸರದಿಯ, ತಗ್ಗಿನಲ್ಲಿ ಅದು 6ರ ಆಸುಪಾಸಿಗೆ ಇಳಿದಾಗ 14ರ ಅಲೆ ಪದರವನ್ನು ತೂರಿ ಹೊರಟುಹೋಗುತ್ತದೆ, ನಿಮ್ಮ ಗೆಳೆಯರಿರುವ ಜಾಗ ಮೌನವಲಯವಾಗುತ್ತದೆ. ಅಂದರೆ ಕೆಳಗಿನಿಂದ ಹೀರಿಕೆ, ಮೇಲಿನಿಂದ ಎಫ್ ಪದರದ ಮಿತಿ. ಇವೆರಡರ ನಡುವಿನ ಕಿಂಡಿಯಲ್ಲಿಯೇ ನಾವು ಮಾತನಾಡಬೇಕು, ದೊಡ್ಡ ಜ್ವಾಲೆಯ ಹೊತ್ತಿನಲ್ಲಿ ಆ ಕಿಂಡಿಯೇ ಮುಚ್ಚಿಹೋಗಬಹುದು. ಅಂಥ ಹೊತ್ತಿನಲ್ಲಿ ಕಾಯುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.

ಡಿಸೆಂಬರ್ 2019ರಲ್ಲಿ ಶುರುವಾದ 25ನೆಯ ಸೌರಚಕ್ರದ ಏರುಗಾಲದಲ್ಲಿ ಎಫ್ ಪದರ ಬಲಗೊಂಡಿದ್ದಕ್ಕೆ ಹ್ಯಾಮ್‌ಗಳು ಸಂಭ್ರಮಿಸಿದರು. ಅದೇ ಕಾಲದಲ್ಲಿ ಮಧ್ಯಾಹ್ನದ ಹೀರಿಕೆಯೂ ಹೆಚ್ಚುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಸೌರಕಲೆಗಳ ಸಂಖ್ಯೆ 150ರ ಸುಮಾರಿಗೆ ಏರಿದಾಗ ಡೆಸಿಬೆಲ್ ಲೆಕ್ಕದಲ್ಲಿ ನಷ್ಟ ತಗ್ಗಿನ ಕಾಲದ ಒಂದೂವರೆ ಪಟ್ಟಾಗುತ್ತದೆ. ಕಂಪನಾಂಕ ಬದಲಿಸಲಾಗದ ಪ್ರಸಂಗವಿದ್ದರೆ ಎಫ್‌ಟಿ8ನಂಥ ಡಿಜಿಟಲ್ ವಿಧಾನ ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿರುವ ಸಂಕೇತವನ್ನೂ ಬಿಡಿಸಿ ಓದುತ್ತದೆ. ಹರಟೆಗೆ ಅದು ಒದಗುವುದಿಲ್ಲ, ಕರೆಸಂಕೇತ ಮತ್ತು ನಾಲ್ಕು ಅಕ್ಷರ ಕಳಿಸಬಹುದು, ಅಷ್ಟೇ. ನೀವು ತುರ್ತು ಸಂಪರ್ಕದ ತಂಡದಲ್ಲಿದ್ದರೆ ಮಾತ್ರ ಹ್ರಸ್ವ ತರಂಗವೊಂದನ್ನೇ ನಂಬಬೇಡಿ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಕೆರಿಬಿಯನ್ ದ್ವೀಪಗಳನ್ನು ಹಾಯುತ್ತಿದ್ದಾಗಲೇ ಎಕ್ಸ್9.3 ಜ್ವಾಲೆ ಎದ್ದು, ಅಲ್ಲಿನ ಹ್ರಸ್ವ ತರಂಗದ ಸಂಪರ್ಕ ಬೇಕಾದ ಹೊತ್ತಿಗೆ ಕಡಿದುಹೋಯಿತು.

ನಿಮ್ಮ ಗೆಳೆಯನ ಪ್ರಶ್ನೆ ನಿಜಕ್ಕೂ ಸೊಗಸಾದದ್ದು. 50 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ದಿಗಂತದಿಂದ 16-17 ಡಿಗ್ರಿ ಮಾತ್ರ ಮೇಲೇರುತ್ತಾನೆ. ಹೀರಿಕೆ ಬೇಸಿಗೆಗಿಂತ ಬಹಳ ಕಡಿಮೆ ಇರಬೇಕು, ಎಷ್ಟೋ ದಿನ ಹಾಗೆಯೇ ಇರುತ್ತದೆ ಕೂಡ. ಆದರೆ ಕೆಲವು ದಿನಗಳ ಗುಂಪುಗಳಲ್ಲಿ ಅದು ನಿರೀಕ್ಷೆಗಿಂತ ಎರಡು ಪಟ್ಟಿನವರೆಗೂ ಏರುತ್ತದೆ. 1930ರ ದಶಕದಲ್ಲಿಯೇ ಬ್ರಿಟಿಷ್ ಭೌತವಿಜ್ಞಾನಿ ಆ್ಯಪಲ್ಟನ್ ಗುರುತಿಸಿದ ಇದನ್ನು ಚಳಿಗಾಲದ ವೈಪರೀತ್ಯ ಎನ್ನುತ್ತಾರೆ. 1975-76ರ ಚಳಿಗಾಲದಲ್ಲಿ ಸ್ಪೇನಿನ ಎಲ್ ಅರೆನೊಸಿಯೋದಿಂದ ಇದಕ್ಕಾಗಿಯೇ ರಾಕೆಟ್ಟುಗಳನ್ನು ಹಾರಿಸಿ ಡಿ ಪ್ರದೇಶವನ್ನು ಅಳೆಯಲಾಯಿತು. ಕಾರಣ ಸೂರ್ಯನಲ್ಲಿಲ್ಲ, ಗಾಳಿಯಲ್ಲಿದೆ. ಚಳಿಗಾಲದಲ್ಲಿ ಕೆಳ ವಾತಾವರಣದಿಂದ ಮೇಲೇರುವ ಭಾರೀ ಗ್ರಹೀಯ ಅಲೆಗಳು (ಭೂಮಿಯನ್ನೇ ಸುತ್ತುವಷ್ಟು ದೊಡ್ಡ ಗಾಳಿಯ ಏರಿಳಿತಗಳು) ಅಲ್ಲಿನ ಗಾಳಿಯ ಹರಿವನ್ನೂ ತಾಪವನ್ನೂ ಬದಲಿಸಿ, 100 ಕಿಲೋಮೀಟರ್ ಎತ್ತರದಲ್ಲಿ ಹೇರಳವಾಗಿರುವ ನೈಟ್ರಿಕ್ ಆಕ್ಸೈಡನ್ನು ಡಿ ಪ್ರದೇಶಕ್ಕೆ ಇಳಿಸುತ್ತವೆ. ಬೀಳುವ ಲೈಮನ್ ಆಲ್ಫಾ ಅಷ್ಟೇ ಇದ್ದರೂ ಅಯಾನೀಕರಿಸಲು ಸಿಗುವ ಸರಕು ಹೆಚ್ಚಾದ್ದರಿಂದ ಎಲೆಕ್ಟ್ರಾನುಗಳು ಹೆಚ್ಚುತ್ತವೆ. ಹವಾಮಾನವೇ ಕಾರಣ ಎಂದ ನಿಮ್ಮ ಮೊದಲ ಸಲಹೆಗಾರರ ಮಾತಿಗೆ ಒಂದು ಗುಲಗಂಜಿಯಷ್ಟು ಸತ್ಯ ಸಿಗುವುದು ಇಲ್ಲಿ, ಅದೂ ಮಧ್ಯ ಅಕ್ಷಾಂಶದ ಚಳಿಗಾಲದಲ್ಲಿ ಮಾತ್ರ. ಭೂಮಧ್ಯರೇಖೆಯ ಕಡೆಗೆ ಬಂದಂತೆ ಇದು ಕಾಣಸಿಗುವುದಿಲ್ಲ. ಗೆಳೆಯನಿಗೆ ಪರಿಹಾರ ಮಾತ್ರ ನಿಮ್ಮದೇ: ಅಂಥ ಮಧ್ಯಾಹ್ನಗಳಲ್ಲಿ 3.5 ಬಿಟ್ಟು 5 ಅಥವಾ 7ಕ್ಕೆ ಏರಲಿ.

ಕೊನೆಯದಾಗಿ ಮುನ್ಸೂಚನೆ. ಜ್ವಾಲೆಯ ಸುದ್ದಿ ತರುವ ಬೆಳಕೂ ಬ್ಯಾಂಡನ್ನು ಕೊಲ್ಲುವ ಕ್ಷ-ಕಿರಣವೂ ಒಂದೇ ವೇಗದಲ್ಲಿ ಒಟ್ಟಿಗೇ ಬರುವುದರಿಂದ, ಘಟನೆಗೆ ಮೊದಲು ಎಚ್ಚರಿಕೆ ಸಿಗುವುದಿಲ್ಲ. ನೋವಾ ಕೇಂದ್ರ ಎಂ5 ಮಟ್ಟ ದಾಟಿದಾಗ ಸಂದೇಶ ಕಳಿಸುತ್ತದೆ, ಆದರೆ ಅದು ನಿಮ್ಮ ಕೈಸೇರುವ ಹೊತ್ತಿಗೆ ಬ್ಯಾಂಡ್ ಮುಳುಗತೊಡಗಿರುತ್ತದೆ. ಸಿಗುವುದು ಸಂಭವನೀಯತೆ ಮಾತ್ರ: ಇಂದು ಎಂ ವರ್ಗದ ಜ್ವಾಲೆಗೆ ಇಷ್ಟು ಪ್ರತಿಶತ, ಎಕ್ಸ್ ವರ್ಗಕ್ಕೆ ಇಷ್ಟು ಎಂಬ ದಿನದ ಅಂದಾಜು. ಸೂರ್ಯ ಭೂಮಿಯ ಕಣ್ಣಿಗೆ ಸುಮಾರು 27 ದಿನಕ್ಕೊಂದು ಸುತ್ತು ತಿರುಗುವುದರಿಂದ, ನಿಮ್ಮ ಬ್ಯಾಂಡನ್ನು ಮುಳುಗಿಸಿದ ಸೌರಕಲೆಯ ಗುಂಪು ಅಷ್ಟರೊಳಗೆ ಚದುರದಿದ್ದರೆ ಮತ್ತೆ ನಮ್ಮ ಎದುರಿಗೆ ಬರುತ್ತದೆ. ಆ ವಾರದ ಹಗಲುಗಳಲ್ಲಿ 7 ಮೆಗಾಹರ್ಟ್ಸ್ ಥಟ್ಟನೆ ಮೌನವಾದರೆ ಮೊದಲು 21ನ್ನು ತಿರುಗಿಸಿ ಕೇಳಿ, ಆಮೇಲೆ ಕ್ಷ-ಕಿರಣದ ಗೆರೆಯನ್ನು ನೋಡಿ. ಎರಡೂ ಸುಮ್ಮನಿದ್ದರೆ ಮಾತ್ರ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.